ಹಾಕಿದ್ದೆಷ್ಟು, ಬಂದದ್ದೆಷ್ಟು: ರೆಸಿಪಿ ಫಾರ್ಮುಲಾ ತಂತ್ರಾಂಶದಲ್ಲಿ ಪ್ರಮಾಣಗಳ ಲೆಕ್ಕ

(ಮಾತನಾಡುವಾಗ ಹಲಗೆಯ ಮೇಲೆ ಬಿಡಿಸಿ ತೋರಿಸಿದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಲ್ಲಿ ಬರೆದಿದ್ದೇನೆ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ವಿಷಯದ ಕ್ರಮ ಮಾತ್ರ ಅಂದು ಹೇಳಿದಂತೆಯೇ ಇದೆ.)

ನಾನು ಮೊದಲ ಬಾರಿಗೆ ಬರೆದ ರೆಸಿಪಿ ತಂತ್ರಾಂಶದ ಪರದೆಯ ಮೇಲೆ ಅಕ್ಕಪಕ್ಕದಲ್ಲಿ ಎರಡು ಚೌಕಗಳಿದ್ದವು. ಒಂದರ ಮೇಲೆ ‘ಒಟ್ಟು ಇನ್‌ಪುಟ್’ ಎಂದೂ ಇನ್ನೊಂದರ ಮೇಲೆ ‘ಔಟ್‌ಪುಟ್’ ಎಂದೂ ಬರೆದಿತ್ತು. ಎರಡರಲ್ಲಿಯೂ ಬಳಕೆದಾರರು ಅಂಕಿ ತುಂಬಬಹುದಿತ್ತು, ತುಂಬಿದ್ದನ್ನು ತಿದ್ದಬಹುದಿತ್ತು. ಅದನ್ನು ನಾನು ಸೌಲಭ್ಯವೆಂದೇ ತಿಳಿದಿದ್ದೆ. ಬ್ರೆಡ್ ತಯಾರಿಸುವ ಘಟಕವೊಂದರ ಮೇಲ್ವಿಚಾರಕರು ಒಂದು ಬೆಳಿಗ್ಗೆ ಔಟ್‌ಪುಟ್ ಚೌಕದಲ್ಲಿದ್ದ 88ನ್ನು ಅಳಿಸಿ 100 ಎಂದು ಬರೆದರು. ಅವರ ಮನಸ್ಸಿನಲ್ಲಿದ್ದದ್ದು, ‘ಇಂದು ನನಗೆ 100 ಕಿಲೋ ಬ್ರೆಡ್ ಬೇಕು, ಅದಕ್ಕೆ ತಕ್ಕಷ್ಟು ಸಾಮಗ್ರಿ ಹೆಚ್ಚಿಸು’ ಎಂಬುದು. ತಂತ್ರಾಂಶ ಗ್ರಹಿಸಿದ್ದು, ‘100 ಕಿಲೋ ಸಾಮಗ್ರಿ ಹಾಕಿದರೆ 100 ಕಿಲೋ ಬ್ರೆಡ್ ಬರುತ್ತದೆ’ ಎಂಬುದನ್ನು. ಒಲೆಯ ಶಾಖಕ್ಕೆ ಆವಿಯಾಗಬೇಕಾದ ನೀರು ಒಂದು ಕೀಲಿ ಒತ್ತುವಷ್ಟರಲ್ಲಿ ಬ್ರೆಡ್ ಆಗಿಬಿಟ್ಟಿತ್ತು. ಸಂಜೆಯ ದಾಸ್ತಾನು ಲೆಕ್ಕದಲ್ಲಿ 12 ಕಿಲೋ ಬ್ರೆಡ್ ಹೆಚ್ಚಿಗೆ ಇತ್ತು, ಕಪಾಟಿನಲ್ಲಿ ಇರಲಿಲ್ಲ. ತಪ್ಪು ಆ ಮೇಲ್ವಿಚಾರಕರದಲ್ಲ. ಒಂದೇ ಚೌಕದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ತುಂಬಲು ಬಿಟ್ಟ ನನ್ನದು.

ಆ ಎರಡು ಪ್ರಶ್ನೆಗಳನ್ನು ಬೇರ್ಪಡಿಸುವುದೇ ಇಂದಿನ ನನ್ನ ವಿಷಯ. ಬರುವ ಪ್ರಮಾಣವೆಂಬುದು ನಾವು ಬಯಸಿದಂತೆ ಬರೆಯಬಹುದಾದ ಅಂಕಿಯಲ್ಲ. ಹಾಕಿದ ಪ್ರಮಾಣ ಮತ್ತು ನಡುವೆ ನಡೆದ ಕ್ರಿಯೆ, ಇವೆರಡರ ಫಲವಾಗಿ ಅದು ಹುಟ್ಟುತ್ತದೆ. ಆದ್ದರಿಂದ ಫಾರ್ಮುಲಾದಲ್ಲಿರುವ ಪ್ರತಿಯೊಂದು ಅಂಕಿಯೂ ಯಾರೋ ಕೊಟ್ಟದ್ದೋ, ಲೆಕ್ಕದಿಂದ ಬಂದದ್ದೋ, ತೂಗಿ ತಿಳಿದದ್ದೋ ಎಂಬುದು ತಂತ್ರಾಂಶಕ್ಕೆ ಸದಾ ಗೊತ್ತಿರಬೇಕು.

ಈ ಕ್ಷೇತ್ರಕ್ಕೆ ಒಂದು ಒಪ್ಪಿತ ಪರಿಭಾಷೆ ಇದೆ. ಬ್ಯಾಚ್ ಉತ್ಪಾದನೆಯ, ಅಂದರೆ ಒಂದು ಸಲಕ್ಕೆ ಇಂತಿಷ್ಟೆಂದು ತಯಾರಿಸುವ ಪದ್ಧತಿಯ, ನಿಯಂತ್ರಣಕ್ಕಾಗಿ 1995ರಲ್ಲಿ ಮೊದಲ ಭಾಗ ಪ್ರಕಟವಾದ ಐಎಸ್‌ಎ-88 ಮಾನದಂಡವು ರೆಸಿಪಿ ಮತ್ತು ಫಾರ್ಮುಲಾಗಳನ್ನು ಒಂದೇ ಎಂದು ನೋಡುವುದಿಲ್ಲ. ಅದರ ಪ್ರಕಾರ ಕೆಲಸದ ವಿಧಾನ, ಬೇಕಾಗುವ ಉಪಕರಣ ಮುಂತಾದವುಗಳ ಜೊತೆಗೆ ಫಾರ್ಮುಲಾವೂ ರೆಸಿಪಿಯ ಒಂದು ಭಾಗ; ಆ ಫಾರ್ಮುಲಾದೊಳಗೆ ಮೂರು ಬಗೆಯ ಮಾಹಿತಿ ಇರುತ್ತದೆ: ಪ್ರಕ್ರಿಯೆಗೆ ಹಾಕುವವು, ಪ್ರಕ್ರಿಯೆಯಿಂದ ಬರುವವು, ಮತ್ತು ಉಷ್ಣತೆ, ಅವಧಿ, ಒತ್ತಡಗಳಂತಹ ನಿಯತಾಂಕಗಳು. ಮೂರನೆಯದನ್ನು ಪ್ರಮಾಣಗಳ ಪಕ್ಕದಲ್ಲಿಯೇ ಇರಿಸಿರುವುದು ನನಗೆ ಬಹಳ ಸರಿಯೆನಿಸುತ್ತದೆ. ಎಷ್ಟು ಹೊತ್ತು ಕುದಿಸಿದಿರಿ ಎಂಬುದನ್ನು ಬಿಟ್ಟು ಎಷ್ಟು ಉಳಿಯಿತು ಎಂದು ಹೇಳಲು ಸಾಧ್ಯವಿಲ್ಲ. ಹಾಗಿದ್ದರೂ ನಾನು ನೋಡಿರುವ ಹೆಚ್ಚಿನ ತಂತ್ರಾಂಶಗಳಲ್ಲಿ ನಿಯತಾಂಕಗಳು ‘ಟಿಪ್ಪಣಿ’ ಎಂಬ ಮೂಲೆಯಲ್ಲಿ ಬರಿಯ ಪಠ್ಯವಾಗಿ ಬಿದ್ದಿರುತ್ತವೆ, ಲೆಕ್ಕಕ್ಕೆ ಸಿಗುವುದಿಲ್ಲ.

ಹಾಕಿದ್ದು ಮತ್ತು ಬಂದದ್ದು ಸರಿದೂಗಬೇಕೆಂಬ ವಿಚಾರ ತಂತ್ರಾಂಶಗಳಿಗಿಂತ ಬಹಳ ಹಳೆಯದು. 1789ರಲ್ಲಿ ಪ್ರಕಟವಾದ ತನ್ನ ರಸಾಯನಶಾಸ್ತ್ರದ ಗ್ರಂಥದಲ್ಲಿ ಫ್ರಾನ್ಸಿನ ವಿಜ್ಞಾನಿ ಆಂಟುವಾನ್ ಲವಾಸಿಯೆ ಈ ನಿಯಮವನ್ನು ಸ್ಪಷ್ಟವಾಗಿ ಮಂಡಿಸಿದ್ದು ಹುದುಗುವಿಕೆಯನ್ನು ವಿವರಿಸುವ ಅಧ್ಯಾಯದಲ್ಲಿ. ಕ್ರಿಯೆಯ ಮೊದಲು ಎಷ್ಟು ದ್ರವ್ಯವಿತ್ತೋ ಕ್ರಿಯೆಯ ನಂತರವೂ ಅಷ್ಟೇ ಇರುತ್ತದೆ ಎಂದು ಹೇಳಿ, ದ್ರಾಕ್ಷಾರಸವೇ ಇಂಗಾಲಾಮ್ಲ ಅನಿಲ (ಇಂದಿನ ಹೆಸರಿನಲ್ಲಿ ಇಂಗಾಲದ ಡೈಆಕ್ಸೈಡ್) ಮತ್ತು ಆಲ್ಕೋಹಾಲ್‌ಗಳ ಮೊತ್ತವೆಂದು ಆತ ಸಮೀಕರಣದ ರೂಪದಲ್ಲಿಯೇ ಬರೆದ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ 180 ಗ್ರಾಂ ಗ್ಲೂಕೋಸ್ ಪೂರ್ತಿಯಾಗಿ ಹುದುಗಿದರೆ ಸುಮಾರು 92 ಗ್ರಾಂ ಎಥನಾಲ್ ಮತ್ತು 88 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ತೂಕ ಕಣ್ಣಿಗೆ ಕಾಣದಂತೆ ಗಾಳಿಗೆ ಸೇರುತ್ತದೆ. ರೆಸಿಪಿ ತಂತ್ರಾಂಶ ಬರೆಯುವವರು ನೆನಪಿನಲ್ಲಿಡಬೇಕಾದ ಪೂರ್ವಜ ಯಾರಾದರೂ ಇದ್ದರೆ ಅದು ಲವಾಸಿಯೆ ಎಂದು ನನ್ನ ಭಾವನೆ.

ಇದನ್ನು ತಂತ್ರಾಂಶದಲ್ಲಿ ತರುವುದು ಕಷ್ಟವೇನಲ್ಲ. ಫಾರ್ಮುಲಾದ ಔಟ್‌ಪುಟ್ ಪಟ್ಟಿಯಲ್ಲಿ ಮಾರುವ ಪದಾರ್ಥವೊಂದನ್ನೇ ಬರೆಯುವುದರ ಬದಲು ಆವಿ, ಸಿಪ್ಪೆ, ಪಾತ್ರೆಗೆ ಅಂಟಿ ಉಳಿದದ್ದು, ಸೋಸುವ ಬಟ್ಟೆ ಹೀರಿಕೊಂಡದ್ದು ಇವುಗಳಿಗೂ ಒಂದೊಂದು ಸಾಲು ಕೊಡಬೇಕು. ದಾಸ್ತಾನಿಗೆ ಸೇರದ ಸಾಲುಗಳು ಎಂದು ಅವುಗಳಿಗೆ ಗುರುತು ಹಾಕಿದರಾಯಿತು. ಹೀಗೆ ಮಾಡಿದಾಗ ಎರಡೂ ಬದಿಯ ಮೊತ್ತ ಸಮವಾಗಲೇಬೇಕು. ಸಮವಾಗದಿದ್ದರೆ ಫಾರ್ಮುಲಾವನ್ನು ಅನುಮೋದನೆಗೆ ಕಳುಹಿಸಲು ತಂತ್ರಾಂಶ ಬಿಡಬಾರದು. ‘ನಷ್ಟ ಶೇ. 12’ ಎಂಬ ಒಂದೇ ಅಂಕಿ ಈ ಕೆಲಸ ಮಾಡಲಾರದು, ಏಕೆಂದರೆ ಅದು ನೀರು ಆವಿಯಾದದ್ದನ್ನೂ ನೆಲಕ್ಕೆ ಚೆಲ್ಲಿದ್ದನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಮೊದಲನೆಯದು ಪ್ರಕೃತಿಯ ನಿಯಮ, ಎರಡನೆಯದನ್ನು ತಡೆಯಬಹುದು.

ಬಿಟ್ಟುಹೋಗುವ ಸಾಲುಗಳು ಔಟ್‌ಪುಟ್ ಬದಿಯಲ್ಲಷ್ಟೇ ಇರುವುದಿಲ್ಲ. ಕಾಳು ನೆನೆದಾಗ ಹೀರಿದ ನೀರು, ಕರಿದಾಗ ಒಳಗೆ ಸೇರಿದ ಎಣ್ಣೆ, ಹಬೆಯಿಂದ ಬಿಸಿ ಮಾಡಿದಾಗ ಕೂಡಿಕೊಂಡ ತೇವ ಇವೆಲ್ಲ ಯಾರೂ ತೂಗಿ ಹಾಕದೆ ಬಂದು ಸೇರುವ ಇನ್‌ಪುಟ್‌ಗಳು. ಒಣ ಪಾಸ್ತಾ ಬೆಂದ ಮೇಲೆ ಎರಡರಷ್ಟಕ್ಕೂ ಹೆಚ್ಚು ತೂಗಬಹುದು. ‘ನಷ್ಟ’ ಎಂಬ ಚೌಕವೊಂದನ್ನೇ ಇಟ್ಟ ತಂತ್ರಾಂಶದಲ್ಲಿ ಇಂತಹ ಕಡೆ ಜನ ಋಣ ಚಿಹ್ನೆ ಹಾಕಿ ‘ನಷ್ಟ ಶೇ. −120’ ಎಂದು ಬರೆಯುತ್ತಾರೆ. ಮುಂದಿನ ವರ್ಷ ಬಂದ ಹೊಸಬರು ಅದನ್ನು ತಪ್ಪೆಂದು ತಿಳಿದು ಚಿಹ್ನೆಯನ್ನು ಅಳಿಸುತ್ತಾರೆ. ನಷ್ಟದ ಬದಲು ‘ಇಳುವರಿ’, ಅಂದರೆ ಬಂದದ್ದನ್ನು ಹಾಕಿದ್ದರಿಂದ ಭಾಗಿಸಿದ ಅಂಕಿ, ಎಂಬ ಪದ ಬಳಸಿದರೆ 0.88 ಕೂಡ ಸಹಜ, 2.2 ಕೂಡ ಸಹಜ.

ತೂಕದ ಲೆಕ್ಕವನ್ನೇ ಏಕೆ ಹಿಡಿಯಬೇಕು, ಲೀಟರ್ ಏಕೆ ಬೇಡ ಎಂದು ಕೇಳುವವರಿದ್ದಾರೆ. ಗಾತ್ರ ಉಳಿಯುವ ವಸ್ತುವಲ್ಲ. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಆಲ್ಕೋಹಾಲ್ ಬೆರೆಸಿದರೆ ಸಿಗುವುದು 100ಕ್ಕಿಂತ ಮೂರು ನಾಲ್ಕು ಮಿಲಿಲೀಟರ್ ಕಡಿಮೆ. ಸಕ್ಕರೆ ನೀರಿನಲ್ಲಿ ಕರಗಿದಾಗ, ಕೆನೆಗೆ ಗಾಳಿ ಸೇರಿ ನೊರೆಯಾದಾಗ, ಹಿಟ್ಟನ್ನು ಡಬ್ಬಿಯಲ್ಲಿ ಅದುಮಿದಾಗ, ಎಲ್ಲ ಕಡೆಯೂ ಗಾತ್ರ ತನಗೆ ಬಂದಂತೆ ಬದಲಾಗುತ್ತದೆ, ತೂಕ ಮಾತ್ರ ಕದಲುವುದಿಲ್ಲ. ಆದ್ದರಿಂದ ಒಳಗಿನ ಲೆಕ್ಕವೆಲ್ಲ ಕಿಲೋಗ್ರಾಂನಲ್ಲಿ ನಡೆಯಲಿ. ಪರದೆಯ ಮೇಲೆ ಬಳಕೆದಾರರಿಗೆ ಯಾವ ಅಳತೆ ಬೇಕೋ ಅದನ್ನು ತೋರಿಸಲಿ.

ಹಾಗೆ ತೋರಿಸಲು ಹೊರಟಾಗ ಸಾಂದ್ರತೆಯ ಪ್ರಶ್ನೆ ಎದುರಾಗುತ್ತದೆ. ಪೌಂಡಿನಿಂದ ಕಿಲೋಗ್ರಾಂಗೆ ಹೋಗುವುದು ಅಳತೆಯಿಂದ ಅಳತೆಗೆ ಹೋಗುವ ದಾರಿ. ಅದಕ್ಕೆ ಪದಾರ್ಥ ಯಾವುದೆಂದು ತಿಳಿಯಬೇಕಿಲ್ಲ, ಒಂದು ಪೌಂಡ್ ಎಂದರೆ 0.45359237 ಕಿಲೋಗ್ರಾಂ ಎಂಬುದು ಎಲ್ಲದಕ್ಕೂ ಒಂದೇ. ಲೀಟರ್‌ನಿಂದ ಕಿಲೋಗ್ರಾಂಗೆ ಹೋಗಬೇಕಾದರೆ ಪದಾರ್ಥವನ್ನು ಕೇಳಲೇಬೇಕು: ಅಡುಗೆ ಎಣ್ಣೆಯ ಲೀಟರ್ ಸುಮಾರು 0.92 ಕಿಲೋ ತೂಗುತ್ತದೆ, ಜೇನಿನ ಲೀಟರ್ ಸುಮಾರು 1.4 ಕಿಲೋ. ಮೊದಲನೆಯ ಬಗೆಯ ಪರಿವರ್ತನೆ ಅಳತೆಗಳ ಕೋಷ್ಟಕದಲ್ಲಿರಬೇಕು, ಎರಡನೆಯದು ಪದಾರ್ಥದ ವಿವರದಲ್ಲಿರಬೇಕು. ಇವೆರಡನ್ನೂ ಒಂದೇ ಕೋಷ್ಟಕದಲ್ಲಿ ಸೇರಿಸಿ ‘1 ಲೀಟರ್ = 1 ಕಿಲೋ’ ಎಂದು ಬರೆದಿಟ್ಟ ತಂತ್ರಾಂಶಗಳನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ. ಲೋಟ, ಚಮಚಗಳ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಅಮೆರಿಕದ ಕಪ್ ಸುಮಾರು 237 ಮಿಲಿಲೀಟರ್, ಮೆಟ್ರಿಕ್ ಕಪ್ 250. ಆಸ್ಟ್ರೇಲಿಯಾದ ದೊಡ್ಡ ಚಮಚ 20 ಮಿಲಿಲೀಟರ್, ಬೇರೆ ಹಲವೆಡೆ 15. ‘ಕಪ್’ ಎಂಬ ಒಂದೇ ಹೆಸರಿನ ಅಳತೆಯನ್ನು ಕೋಷ್ಟಕದಲ್ಲಿ ಇಡಬೇಡಿ ಎಂದಷ್ಟೇ ಹೇಳುತ್ತೇನೆ.

ಅಡುಗೆಮನೆಯ ಹೊರಗಿನ ಒಂದು ಘಟನೆಯನ್ನು ಇಲ್ಲಿ ಹೇಳಬೇಕು, ಏಕೆಂದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 1983ರ ಜುಲೈ 23ರಂದು ಕೆನಡಾದಲ್ಲಿ ಏರ್ ಕೆನಡಾದ ಬೋಯಿಂಗ್ 767 ವಿಮಾನವೊಂದಕ್ಕೆ 22,300 ಕಿಲೋಗ್ರಾಂ ಇಂಧನ ಬೇಕಿತ್ತು. ತೊಟ್ಟಿಗಳಲ್ಲಿ ಆಗಲೇ 7,682 ಲೀಟರ್ ಇತ್ತು. ಲೀಟರನ್ನು ತೂಕಕ್ಕೆ ತಿರುಗಿಸಲು ಬಳಸಿದ ಗುಣಕ 1.77, ಅದು ಒಂದು ಲೀಟರ್ ಇಂಧನದ ತೂಕವನ್ನು ಪೌಂಡ್‌ಗಳಲ್ಲಿ ಹೇಳುವ ಅಂಕಿ. ಕಿಲೋಗ್ರಾಂಗಳಲ್ಲಾದರೆ ಅದು ಸುಮಾರು 0.8 ಆಗಬೇಕಿತ್ತು. ಗುಣಾಕಾರದಲ್ಲಿ 13,597 ಬಂತು, ಕಿಲೋಗ್ರಾಂ ಎಂದುಕೊಂಡರು, ಉಳಿದದ್ದಕ್ಕೆ ಸುಮಾರು 4,900 ಲೀಟರ್ ತುಂಬಿಸಿದರು. ಬೇಕಿದ್ದದ್ದು 20,000 ಲೀಟರ್‌ಗೂ ಸ್ವಲ್ಪ ಹೆಚ್ಚು. ಆಕಾಶದಲ್ಲಿ ಎರಡೂ ಎಂಜಿನ್‌ಗಳು ನಿಂತ ಮೇಲೆ ಪೈಲಟ್‌ಗಳು ವಿಮಾನವನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು, ಯಾರೂ ಸಾಯಲಿಲ್ಲ. ಗುಣಾಕಾರ, ಭಾಗಾಕಾರಗಳಲ್ಲಿ ಒಂದು ತಪ್ಪೂ ಇರಲಿಲ್ಲ ಎಂಬುದನ್ನು ಗಮನಿಸಿ. 1.77 ಎಂಬ ಅಂಕಿಯ ಪಕ್ಕದಲ್ಲಿ ಅದರ ಅಳತೆ ಇರಲಿಲ್ಲ, ಅಷ್ಟೇ. ನನ್ನ ತಂತ್ರಾಂಶದಲ್ಲಿ ಈಗ ಅಳತೆಯಿಲ್ಲದ ಸಂಖ್ಯೆಯನ್ನು ಪ್ರಮಾಣವೆಂದು ಯಾವ ಫಂಕ್ಷನ್ ಕೂಡ ಸ್ವೀಕರಿಸುವುದಿಲ್ಲ.

ಅಳತೆಯ ಜೊತೆಗೆ ಪದಾರ್ಥದ ಸ್ಥಿತಿಯೂ ಬೇಕು. ‘ಆಲೂಗಡ್ಡೆ 10 ಕಿಲೋ’ ಎಂದರೆ ಸಿಪ್ಪೆ ಸಹಿತವೋ ರಹಿತವೋ? ‘ಮೊಟ್ಟೆ 5 ಕಿಲೋ’ ಎಂದರೆ ಚಿಪ್ಪಿನೊಡನೆಯೋ, ಒಡೆದು ಸುರಿದದ್ದೋ? ಕೊಳ್ಳುವವರು ಮೊದಲನೆಯದನ್ನು ಎಣಿಸುತ್ತಾರೆ, ಅಡುಗೆಯವರು ಎರಡನೆಯದನ್ನು. ಎರಡನ್ನೂ ಬೇರೆ ಬೇರೆ ಪದಾರ್ಥಗಳೆಂದು ದಾಖಲಿಸಿ, ನಡುವೆ ‘ಸಿಪ್ಪೆ ತೆಗೆಯುವುದು’ ಎಂಬ ಚಿಕ್ಕ ಫಾರ್ಮುಲಾ ಇಡುವುದು ಅತಿಯಾಯಿತೆಂದು ಮೊದಲು ಅನಿಸುತ್ತದೆ. ಒಮ್ಮೆ ಇಟ್ಟರೆ ಖರೀದಿಯ ಲೆಕ್ಕ ತಾನಾಗಿ ಸರಿಹೋಗುತ್ತದೆ.

ಇನ್ನು ಶೇಕಡಾವಾರಿಗೆ ಬರೋಣ. ಅತಿ ಹೆಚ್ಚು ತಪ್ಪುಗಳನ್ನು ನಾನು ಕಂಡದ್ದು ಇಲ್ಲಿಯೇ, ಆದ್ದರಿಂದ ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡಿ ತೋರಿಸುತ್ತೇನೆ. ಬೇಕರಿಯವರ ಶೇಕಡಾ ಪದ್ಧತಿಯಲ್ಲಿ ಹಿಟ್ಟು ಯಾವಾಗಲೂ 100. ಉಳಿದೆಲ್ಲವನ್ನೂ ಹಿಟ್ಟಿನ ತೂಕಕ್ಕೆ ಹೋಲಿಸಿ ಹೇಳುತ್ತಾರೆ. ನೀರು 65, ಉಪ್ಪು 2, ಯೀಸ್ಟ್ 1 ಎಂದಿಟ್ಟುಕೊಂಡರೆ ಒಟ್ಟು 168. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಶೇಕಡಾ 168 ಎಂದರೇನು ಎಂದು ಕೇಳುತ್ತಾರೆ. ಆದರೆ ಬೇಕರಿಯವರ ಜಾಣತನ ಇರುವುದೇ ಇಲ್ಲಿ: ನೀರನ್ನು 65ರಿಂದ 68ಕ್ಕೆ ಏರಿಸಿದರೆ ಉಪ್ಪಿನ ಅಂಕಿ ಬದಲಾಗುವುದಿಲ್ಲ. ಒಟ್ಟು ತೂಕದ ಶೇಕಡಾವಾರಿನಲ್ಲಿ ಬರೆದಿದ್ದರೆ ಒಂದನ್ನು ಮುಟ್ಟಿದೊಡನೆ ಎಲ್ಲವೂ ಬದಲಾಗುತ್ತಿತ್ತು. ತಂತ್ರಾಂಶ ಎರಡು ಪದ್ಧತಿಗಳನ್ನೂ ಬೆಂಬಲಿಸಬೇಕು, ‘ಯಾವುದರ ಶೇಕಡಾ’ ಎಂಬುದನ್ನು ಅಂಕಿಯ ಜೊತೆಯಲ್ಲಿಯೇ ಉಳಿಸಬೇಕು.

ಈಗ 500 ಗ್ರಾಂ ತೂಗುವ 400 ಬ್ರೆಡ್‌ಗಳು ಬೇಕು, ಅಂದರೆ 200 ಕಿಲೋ. ಕಲಸುವಾಗ ಯಂತ್ರದ ಗೋಡೆಗೆ ಅಂಟಿ ಶೇ. 1, ತುಂಡು ಮಾಡುವಾಗ ಶೇ. 2, ಬೇಯುವಾಗ ಶೇ. 12 ಕಡಿಮೆಯಾಗುತ್ತದೆ ಎಂದು ಊಹಿಸೋಣ. ಅವಸರದಲ್ಲಿರುವವರು ಮೂರನ್ನೂ ಕೂಡಿ 15 ಎನ್ನುತ್ತಾರೆ, 200ಕ್ಕೆ ಶೇ. 15 ಸೇರಿಸಿ 230 ಕಿಲೋ ಸಾಮಗ್ರಿ ತೆಗೆಸುತ್ತಾರೆ. ಆದರೆ ಪ್ರತಿ ಹಂತದ ನಷ್ಟವೂ ಆ ಹಂತಕ್ಕೆ ಬಂದು ತಲುಪಿದ ತೂಕದ ಮೇಲಿನದು. ಆದ್ದರಿಂದ ಇಳುವರಿಗಳನ್ನು ಗುಣಿಸಬೇಕು: 0.99, 0.98, 0.88ರ ಗುಣಲಬ್ಧ 0.853776. ಅವಸರದವರ 230 ಕಿಲೋದಿಂದ ಬರುವುದು 196.37 ಕಿಲೋ, ಅಂದರೆ 392 ಬ್ರೆಡ್. ಎಂಟು ಕಡಿಮೆ. ಸರಿಯಾದ ದಾರಿಯೆಂದರೆ 200ನ್ನು 0.853776ರಿಂದ ಭಾಗಿಸುವುದು: 234.253 ಕಿಲೋ. ಅದನ್ನು 1.68ರಿಂದ ಭಾಗಿಸಿದರೆ ಹಿಟ್ಟು 139.437 ಕಿಲೋ, ಅದರಿಂದ ನೀರು 90.634, ಉಪ್ಪು 2.789, ಯೀಸ್ಟ್ 1.394.

ಎಂಟು ಬ್ರೆಡ್ ಕಡಿಮೆಯಾದರೆ ಕಣ್ಣಿಗೆ ಬೀಳುತ್ತದೆ, ಯಾರಾದರೂ ಕೇಳುತ್ತಾರೆ. ಕಣ್ಣಿಗೆ ಬೀಳದ ತಪ್ಪು ಇದೇ ಲೆಕ್ಕದ ಇನ್ನೊಂದು ಮೂಲೆಯಲ್ಲಿದೆ. ಬೆಂದ ಮೇಲೆ 500 ಗ್ರಾಂ ತೂಗಬೇಕಾದ ಬ್ರೆಡ್‌ಗೆ ಕಣಕದ ತುಂಡು ಎಷ್ಟು ತೂಗಬೇಕು? 500ಕ್ಕೆ ಶೇ. 12 ಸೇರಿಸಿದರೆ 560 ಗ್ರಾಂ. ಅದು ಬೆಂದು ಶೇ. 12 ಕಳೆದುಕೊಂಡಾಗ ಉಳಿಯುವುದು 492.8 ಗ್ರಾಂ. ಸರಿಯಾದ ತುಂಡು 500ನ್ನು 0.88ರಿಂದ ಭಾಗಿಸಿದಷ್ಟು, ಅಂದರೆ 568.2 ಗ್ರಾಂ. ಎಂಟು ಗ್ರಾಂ ಕಣಕ ಕೈಗೆ ಗೊತ್ತಾಗುವುದಿಲ್ಲ. ಆದರೆ ಹೊರಗೆ ಹೋಗುವ ಪ್ರತಿಯೊಂದು ಪೊಟ್ಟಣವೂ ಮೇಲೆ ಬರೆದ ತೂಕಕ್ಕಿಂತ ಏಳು ಗ್ರಾಂ ಕಡಿಮೆ ಇರುತ್ತದೆ, ಮತ್ತು ತಂತ್ರಾಂಶ ಎಲ್ಲವೂ ಸರಿಯಿದೆ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತಿರುತ್ತದೆ. ಶೇಕಡಾ ಕಳೆಯುವುದನ್ನು ಹಿಂದಿರುಗಿಸುವ ಕ್ರಿಯೆ ಶೇಕಡಾ ಕೂಡುವುದಲ್ಲ ಎಂಬುದು ಶಾಲೆಯಲ್ಲಿ ಕಲಿತ ವಿಷಯ. ನಾನೂ ಕಲಿತಿದ್ದೆ, ಆದರೂ ನನ್ನ ಮೊದಲ ಆವೃತ್ತಿಯ ಕೋಡ್‌ನಲ್ಲಿ ಆ ಕೂಡಿಕೆ ಇತ್ತು.

ಮೇಲಿನ ಲೆಕ್ಕದಲ್ಲಿ ನಾವು ಔಟ್‌ಪುಟ್‌ನಿಂದ ಹಿಂದಕ್ಕೆ ನಡೆದೆವು. ಯಾವಾಗಲೂ ಹಾಗೆಯೇ ನಡೆಯಬೇಕೆಂದಿಲ್ಲ. ಒಂದು ದಿನ ಉಗ್ರಾಣದಲ್ಲಿ 120 ಕಿಲೋ ಹಿಟ್ಟು ಮಾತ್ರ ಇರುತ್ತದೆ, ಅದರಿಂದ ಎಷ್ಟು ಬ್ರೆಡ್ ಬರುತ್ತದೆ ಎಂಬುದು ಪ್ರಶ್ನೆಯಾಗುತ್ತದೆ. ಇನ್ನೊಂದು ದಿನ ಕಲಸುವ ಯಂತ್ರ ಒಂದು ಸಲಕ್ಕೆ 80 ಕಿಲೋ ಕಣಕವನ್ನಷ್ಟೇ ಹಿಡಿಯುತ್ತದೆ ಎಂಬುದೇ ಮಿತಿಯಾಗುತ್ತದೆ. ಲೆಕ್ಕಕ್ಕೆ ಒಂದು ಗೂಟ ಬೇಕು. ಗೂಟ ಯಾವ ಅಂಕಿಗೆ ಎಂಬುದನ್ನು ಬಳಕೆದಾರರು ಆರಿಸುತ್ತಾರೆ, ಉಳಿದೆಲ್ಲ ಅಂಕಿಗಳು ಅದಕ್ಕೆ ಕಟ್ಟಿದ ಹಗ್ಗದಂತೆ ಹಿಂಬಾಲಿಸುತ್ತವೆ. ನನ್ನ ಈಗಿನ ಪರದೆಯಲ್ಲಿ ಗೂಟದ ಅಂಕಿಯೊಂದು ಮಾತ್ರ ತಿದ್ದಲು ತೆರೆದಿರುತ್ತದೆ, ಉಳಿದವುಗಳ ಪಕ್ಕದಲ್ಲಿ ಬೀಗದ ಚಿತ್ರವಿರುತ್ತದೆ. ಬೇರೊಂದನ್ನು ತಿದ್ದಲು ಹೋದರೆ, ‘ಬೇಕಾದ ಪ್ರಮಾಣವನ್ನು ಬದಲಿಸುತ್ತಿದ್ದೀರೋ, ಇಳುವರಿಯನ್ನು ಬದಲಿಸುತ್ತಿದ್ದೀರೋ?’ ಎಂಬ ಪ್ರಶ್ನೆ ಬರುತ್ತದೆ. ಇಳುವರಿಯನ್ನು ಬದಲಿಸುವುದು ಫಾರ್ಮುಲಾದ ಹೊಸ ಆವೃತ್ತಿ. ಅದಕ್ಕೆ ಅನುಮೋದನೆ ಬೇಕು. ಪ್ರಮಾಣವನ್ನು ಬದಲಿಸುವುದು ಆ ದಿನದ ಬ್ಯಾಚಿಗೆ ಸಂಬಂಧಿಸಿದ್ದು. ಅದನ್ನು ಮೇಲ್ವಿಚಾರಕರು ತಾವೇ ಮಾಡಬಹುದು. ನಾನು ಮೊದಲು ಹೇಳಿದ 12 ಕಿಲೋ ಬ್ರೆಡ್ ಹುಟ್ಟಿದ್ದು ಈ ಒಂದು ಪ್ರಶ್ನೆಯನ್ನು ಕೇಳದ್ದರಿಂದ.

ಹಗ್ಗದಂತೆ ಎಂದೆ, ಆದರೆ ಎಲ್ಲ ಹಗ್ಗಗಳೂ ಒಂದೇ ರೀತಿ ಎಳೆಯುವುದಿಲ್ಲ. ಹಿಟ್ಟು ದುಪ್ಪಟ್ಟಾದರೆ ನೀರೂ ದುಪ್ಪಟ್ಟಾಗುತ್ತದೆ. ತಟ್ಟೆಗೆ ಸವರುವ ಎಣ್ಣೆ ತಟ್ಟೆಗಳ ಸಂಖ್ಯೆಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೊಳವೆಯೊಳಗೆ ಉಳಿದುಬಿಡುವ ಮೂರು ಕಿಲೋ ದ್ರವ ಬ್ಯಾಚು ಚಿಕ್ಕದಾಗಲಿ ದೊಡ್ಡದಾಗಲಿ ಮೂರು ಕಿಲೋವೇ. ಆದ್ದರಿಂದ ಪ್ರತಿ ಸಾಲಿಗೂ ಅದು ಅನುಪಾತದಲ್ಲಿ ಏರುವುದೋ, ಸ್ಥಿರವೋ, ಪೂರ್ಣಾಂಕದ ಹೆಜ್ಜೆಯಲ್ಲಿ ಏರುವುದೋ ಎಂಬ ಗುರುತು ಬೇಕು. ಅದರಲ್ಲಿಯೂ ಆವಿಯ ಸಾಲು ಎಲ್ಲರನ್ನೂ ದಾರಿ ತಪ್ಪಿಸುತ್ತದೆ. ತೆರೆದ ಬಾಣಲೆಯೊಂದು ಗಂಟೆಗೆ 6 ಕಿಲೋ ನೀರನ್ನು ಆವಿಯಾಗಿಸುತ್ತದೆ ಎಂದುಕೊಳ್ಳಿ. 30 ಕಿಲೋ ಹಾಕಿ ಅರ್ಧ ಗಂಟೆ ಕುದಿಸಿದರೆ 3 ಕಿಲೋ ಹೋಗುತ್ತದೆ, ಅಂದರೆ ಶೇ. 10. ಅದೇ ಬಾಣಲೆಗೆ 60 ಕಿಲೋ ಹಾಕಿ, ಕುದಿ ಬಂದ ಮೇಲೆ ಅಷ್ಟೇ ಹೊತ್ತು ಇರಿಸಿದರೆ ಹೋಗುವುದು ಹೆಚ್ಚುಕಡಿಮೆ 3 ಕಿಲೋವೇ, ಏಕೆಂದರೆ ಆವಿಯನ್ನು ನಿರ್ಧರಿಸುವುದು ಮೇಲ್ಮೈಯ ವಿಸ್ತಾರ, ಉರಿ ಮತ್ತು ಅವಧಿ. ಈಗ ನಷ್ಟ ಶೇ. 5. ‘ಶೇ. 10’ ಎಂದು ಬರೆದಿಟ್ಟ ತಂತ್ರಾಂಶ 54 ಕಿಲೋ ಬರುವುದೆಂದು ಹೇಳಿದರೆ ಪಾತ್ರೆಯಲ್ಲಿ 57 ಕಿಲೋ ತೆಳ್ಳಗಿನ ಪದಾರ್ಥವಿರುತ್ತದೆ. ಆವಿಯನ್ನು ಶೇಕಡಾವಾರಿನ ಬದಲು ಗಂಟೆಗಿಷ್ಟು ಎಂದು ಬರೆದು ಅವಧಿಯೆಂಬ ನಿಯತಾಂಕಕ್ಕೆ ಜೋಡಿಸಿದರೆ ಈ ತೊಂದರೆ ಇಲ್ಲ.

ಇದಕ್ಕಿಂತ ಒಳ್ಳೆಯ ಮಾರ್ಗವೂ ಕೆಲವೊಮ್ಮೆ ಸಿಗುತ್ತದೆ. ಟೊಮೆಟೊ ರಸವನ್ನು ಗಟ್ಟಿಗೊಳಿಸುವಾಗ ಹೋಗುವುದು ನೀರು ಮಾತ್ರ. ಕರಗಿರುವ ಘನಾಂಶ ಹಾಗೆಯೇ ಉಳಿಯುತ್ತದೆ. ಶೇ. 5 ಘನಾಂಶವಿರುವ 100 ಕಿಲೋ ರಸವನ್ನು ಶೇ. 25ಕ್ಕೆ ತಂದರೆ 20 ಕಿಲೋ ಪೇಸ್ಟ್ ಬರುತ್ತದೆ, 80 ಕಿಲೋ ಆವಿಯಾಗುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಪೇಸ್ಟ್ ಎನಿಸಿಕೊಳ್ಳಲು ಘನಾಂಶ ಕನಿಷ್ಠ ಶೇ. 24 ಇರಬೇಕು, ಆದ್ದರಿಂದ 25 ಸುರಕ್ಷಿತವಾದ ಗುರಿ. ಮುಂದಿನ ವಾರ ಬಂದ ರಸದಲ್ಲಿ ಘನಾಂಶ ಶೇ. 4.5 ಇದ್ದರೆ 18 ಕಿಲೋ ಮಾತ್ರ ಬರುತ್ತದೆ. ಇಲ್ಲಿ ಇಳುವರಿ ಎಂಬ ಅಂಕಿಯನ್ನು ಫಾರ್ಮುಲಾದಲ್ಲಿ ಬರೆಯಲೇಬಾರದು. ಬಂದ ರಸದ ಘನಾಂಶ, ಬೇಕಾದ ಘನಾಂಶ ಎರಡನ್ನು ಬರೆದರೆ ಇಳುವರಿ ತಾನೇ ಹೊರಬರುತ್ತದೆ. ಹಾಲಿನಿಂದ ಕೆನೆ ತೆಗೆಯುವಲ್ಲಿಯೂ ಇದೇ ತರ್ಕ: ಶೇ. 4 ಕೊಬ್ಬಿನ 100 ಕಿಲೋ ಹಾಲನ್ನು ಶೇ. 40 ಕೊಬ್ಬಿನ ಕೆನೆ ಮತ್ತು ಶೇ. 0.05 ಕೊಬ್ಬು ಉಳಿದ ಹಾಲು ಎಂದು ಬೇರ್ಪಡಿಸಿದರೆ ಕೆನೆ 9.887 ಕಿಲೋ, ಉಳಿದ ಹಾಲು 90.113 ಕಿಲೋ. ಒಟ್ಟು ತೂಕ ಮತ್ತು ಕೊಬ್ಬಿನ ತೂಕ ಎರಡೂ ಸರಿದೂಗಬೇಕೆಂಬ ಎರಡು ಸಮೀಕರಣಗಳೇ ಎರಡು ಅಂಕಿಗಳನ್ನು ಕೊಡುತ್ತವೆ, ಮೂರನೆಯವರ ಊಹೆಗೆ ಜಾಗವೇ ಇಲ್ಲ. ಒಂದು ಫಾರ್ಮುಲಾಕ್ಕೆ ಒಂದೇ ಔಟ್‌ಪುಟ್ ಎಂದು ಕಟ್ಟಿದ ತಂತ್ರಾಂಶದಲ್ಲಿ ಈ ಉದಾಹರಣೆಯನ್ನು ಬರೆಯಲು ಆಗುವುದಿಲ್ಲ. ಖರ್ಚನ್ನು ಎರಡಕ್ಕೂ ತೂಕದ ಪ್ರಕಾರ ಹಂಚಿದರೆ ಕೆನೆಯ ಕಿಲೋ ಮತ್ತು ಕೆನೆ ತೆಗೆದ ಹಾಲಿನ ಕಿಲೋ ಒಂದೇ ಬೆಲೆಗೆ ಬೀಳುತ್ತವೆ, ಆದ್ದರಿಂದ ಹಂಚಿಕೆಯ ಪಾಲನ್ನು ಬೇರೆಯಾಗಿಯೇ ಬರೆಯಬೇಕು.

ದಶಮಾಂಶಗಳ ಬಗ್ಗೆ ಸ್ವಲ್ಪ. ಗಣಕಯಂತ್ರಗಳು ಸಾಮಾನ್ಯವಾಗಿ ಬಳಸುವ ದ್ವಿಮಾನ (ಬೈನರಿ ಫ್ಲೋಟಿಂಗ್ ಪಾಯಿಂಟ್) ಪದ್ಧತಿಯಲ್ಲಿ 0.1ನ್ನು ನಿಖರವಾಗಿ ಬರೆಯಲಾಗುವುದಿಲ್ಲ, 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ. ತೂಕದಲ್ಲಿ ಇದು ಏನೂ ಅಲ್ಲ. ಆದರೆ ಎರಡು ಬದಿಗಳ ಮೊತ್ತ ಸಮವೇ ಎಂದು ಕೇಳುವ ಕಡೆ ತಂತ್ರಾಂಶ ಸುಮ್ಮಸುಮ್ಮನೆ ‘ಇಲ್ಲ’ ಎನ್ನುತ್ತದೆ. ಅಂಕಿಗಳನ್ನು ಹತ್ತರ ಲೆಕ್ಕದಲ್ಲಿಯೇ ಉಳಿಸುವ ಡೆಸಿಮಲ್ ಮಾದರಿಯನ್ನು ಬಳಸಿ, ಹೋಲಿಕೆಗೆ ಒಂದು ಸಹನೆಯ ಮಿತಿ ಇಡಿ, ಅಂದರೆ ಅದರೊಳಗಿನ ವ್ಯತ್ಯಾಸವನ್ನು ಸಮವೆಂದೇ ಎಣಿಸಿ. ದಶಮಾಂಶಗಳನ್ನು ಕಡಿತಗೊಳಿಸಿ ದುಂಡಾಗಿಸುವುದು (ರೌಂಡಿಂಗ್) ಪರದೆಯ ಮೇಲೆ ತೋರಿಸುವಾಗ ಮಾತ್ರ ನಡೆಯಲಿ. ದುಂಡಾಗಿಸಿದ ಅಂಕಿಯನ್ನು ಮತ್ತೆ ಉಳಿಸಿ ಅದರ ಮೇಲೆ ಮುಂದಿನ ಲೆಕ್ಕ ಮಾಡಿದರೆ ಪ್ರತಿ ಸಲ ತೆರೆದು ಮುಚ್ಚಿದಾಗಲೂ ಫಾರ್ಮುಲಾ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಇದಕ್ಕೆ ಒಂದು ಅಪವಾದವಿದೆ: ತಕ್ಕಡಿ. 5 ಗ್ರಾಂ ಹೆಜ್ಜೆಯ ತಕ್ಕಡಿಯಲ್ಲಿ 1 ಗ್ರಾಂ ಬಣ್ಣವನ್ನು ತೂಗಲಾಗದು. ಆ ಸಾಲಿನ ಪಕ್ಕದಲ್ಲಿ ಎಚ್ಚರಿಕೆ ಬರಬೇಕು, ಬಣ್ಣವನ್ನು ಮೊದಲೇ ನೀರಿನಲ್ಲಿ ಬೆರೆಸಿಟ್ಟ ಉಪರೆಸಿಪಿಯೊಂದನ್ನು ತಂತ್ರಾಂಶ ಸೂಚಿಸಿದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ದಿನದ ಕೊನೆಯಲ್ಲಿ ತಕ್ಕಡಿ ಬೇರೊಂದು ಅಂಕಿ ಹೇಳುತ್ತದೆ. ಆ ಅಂಕಿಗೆ ತನ್ನದೇ ಕಾಲಂ ಇರಬೇಕು. ಯೋಜಿಸಿದ್ದನ್ನು ಅಳಿಸಿ ನಿಜವಾಗಿ ಬಂದದ್ದನ್ನು ಅಲ್ಲಿಯೇ ಬರೆದರೆ ವ್ಯತ್ಯಾಸವೆಂಬುದೇ ಉಳಿಯುವುದಿಲ್ಲ, ವ್ಯತ್ಯಾಸ ಉಳಿಯದಿದ್ದರೆ ಕಲಿಯಲು ಏನೂ ಉಳಿಯುವುದಿಲ್ಲ. ಕೆಲವರು ಇತ್ತೀಚಿನ ಬ್ಯಾಚುಗಳ ಸರಾಸರಿಯಿಂದ ಇಳುವರಿಯನ್ನು ತಂತ್ರಾಂಶವೇ ತಿದ್ದಿಕೊಳ್ಳಲಿ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಒಲೆಯ ಬಾಗಿಲಿನ ಪಟ್ಟಿ ಹರಿದು ಇಳುವರಿ 0.88ರಿಂದ 0.86ಕ್ಕೆ ಇಳಿದಿದ್ದರೆ, ಸ್ವಯಂಚಾಲಿತ ತಿದ್ದುಪಡಿ ಆ ದೋಷವನ್ನು ಫಾರ್ಮುಲಾದೊಳಗೆ ಸೇರಿಸಿ ಮುಚ್ಚಿಹಾಕುತ್ತದೆ. ಸರಾಸರಿಯನ್ನು ತೋರಿಸಲಿ, ತಿದ್ದುವ ಕೈ ಮನುಷ್ಯರದಾಗಿರಲಿ.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ. ಹುಳಿ ಹಿಟ್ಟಿನ ಬ್ರೆಡ್ ಮಾಡುವವರೊಬ್ಬರು ಕೇಳಿದರು: “ನಮ್ಮ ಹೆಪ್ಪಿನ ರೆಸಿಪಿಯಲ್ಲಿ ಹೆಪ್ಪೇ ಒಂದು ಸಾಮಗ್ರಿ. 100 ಗ್ರಾಂ ಹಳೆಯ ಹೆಪ್ಪು, 100 ಗ್ರಾಂ ಹಿಟ್ಟು, 100 ಗ್ರಾಂ ನೀರು. ಬರುವ 300ರಲ್ಲಿ 100ನ್ನು ನಾಳೆಗೆಂದು ತೆಗೆದಿಡುತ್ತೇವೆ. ಇದನ್ನು ತುಂಬಿಸಲು ಹೋದರೆ ತಂತ್ರಾಂಶ ‘ಚಕ್ರೀಯ ಉಲ್ಲೇಖ’ ಎಂದು ನಿರಾಕರಿಸುತ್ತದೆ. ಏನು ಮಾಡಬೇಕು ಸರ್?”

ತಂತ್ರಾಂಶ ಹೆದರುವುದಕ್ಕೆ ಕಾರಣವಿದೆ. ಹೆಪ್ಪಿನ ಖರ್ಚು ತಿಳಿಯಲು ಹೆಪ್ಪಿನ ಖರ್ಚು ತಿಳಿದಿರಬೇಕು ಎಂಬ ಸುಳಿಯಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಆದರೆ ಚಕ್ರ ಇರುವುದು ಫಾರ್ಮುಲಾದಲ್ಲಿ, ಬ್ಯಾಚುಗಳಲ್ಲಿ ಅಲ್ಲ. ಇಂದಿನ ಬ್ಯಾಚು ಬಳಸುವುದು ನಿನ್ನೆಯ ಬ್ಯಾಚಿನ ಹೆಪ್ಪನ್ನು, ನಿನ್ನೆಯದು ಮೊನ್ನೆಯದನ್ನು. ಪ್ರತಿ ಬ್ಯಾಚಿಗೂ ಅದರದೇ ಸಂಖ್ಯೆ ಕೊಟ್ಟರೆ ಸರಪಳಿ ಕಾಲದಲ್ಲಿ ಹಿಂದಕ್ಕೆ ನೇರವಾಗಿ ಸಾಗುತ್ತದೆ, ಎಲ್ಲಿಯೂ ಸುತ್ತುವುದಿಲ್ಲ. ಆದ್ದರಿಂದ ಚಕ್ರವನ್ನು ತಡೆಯುವ ಪರೀಕ್ಷೆ ಬ್ಯಾಚುಗಳ ಮೇಲೆ ನಡೆಯಬೇಕು, ಫಾರ್ಮುಲಾಗಳ ಮಟ್ಟದಲ್ಲಿ ಎಚ್ಚರಿಕೆ ಕೊಟ್ಟರೆ ಸಾಕು. ಇನ್ನು ಖರ್ಚು: ಒಂದು ಗ್ರಾಂ ಹೆಪ್ಪಿನ ಖರ್ಚನ್ನು ‘ಖ’ ಎಂದೂ, ಹೊಸದಾಗಿ ಹಾಕಿದ ಹಿಟ್ಟು ಮತ್ತು ನೀರಿನ ಖರ್ಚನ್ನು ‘ಹ’ ಎಂದೂ ಕರೆಯೋಣ. ಹುದುಗುವಾಗ ಅನಿಲವಾಗಿ ಹೋಗುವ ಅಲ್ಪ ತೂಕವನ್ನು ಸದ್ಯಕ್ಕೆ ಬಿಟ್ಟರೆ, 300 ಖ ಎಂಬುದು 100 ಖ ಮತ್ತು ಹ ಇವುಗಳ ಮೊತ್ತ. ಹಾಗಾಗಿ ಖ ಎಂದರೆ ಹ ಭಾಗಿಸು 200. ಸುಳಿಯಂತೆ ಕಂಡದ್ದಕ್ಕೆ ಒಂದೇ ಸಾಲಿನ ಉತ್ತರ ಸಿಗುತ್ತದೆ: ನಾಳೆಗೆ ಉಳಿಯುವ 100 ಗ್ರಾಂ ನಿನ್ನೆಯಿಂದ ಬಂದ 100 ಗ್ರಾಂಗೆ ಸರಿಹೋಗುತ್ತದೆ, ಖರ್ಚೆಲ್ಲ ಬ್ರೆಡ್ಡಿಗೆ ಹೋಗುವ 200 ಗ್ರಾಂ ಮೇಲೆ ಬೀಳುತ್ತದೆ. ಪ್ರಶ್ನೆ ಕೇಳಿದವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ತಾವು ಇಷ್ಟು ದಿನ 300ರಿಂದ ಭಾಗಿಸುತ್ತಿದ್ದುದಾಗಿ ಹೇಳಿದರು.